ಡಚೆಸ್ ಕಂಡ ಅಪ್ಪ

ಗ್ರಿಮ್ಸ್‌ಬಿ
ನವೆಂಬರ್ 9

ಪ್ರೀತಿಯ ಹೇಜಲ್,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಳ್ಳಬೇಡ. ಬೈದರೂ ನ್ಯೂಜಿಲೆಂಡಿನಿಂದ ಇಲ್ಲಿಗೆ ಕೇಳಿಸುವುದಿಲ್ಲ. ನೀನು, ಮೊಮ್ಮಕ್ಕಳು, ಆ ತರಲೆ ನಾಯಿ ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ. ನಿನ್ನ ತಮ್ಮ ಡೆಸ್‌ನ ಶ್ವಾಸಕೋಶ ಹಾಗೇ ಇದೆ, ಅಂದರೆ ಕೆಟ್ಟದಾಗಿಯೇ ಇದೆ. ಗಾಲಿಕುರ್ಚಿ, ಅದರ ಬೆನ್ನಿಗೆ ಆಮ್ಲಜನಕದ ಸಿಲಿಂಡರ್. ಆದರೂ ನಿನ್ನೆ ಹ್ಯಾಡಕ್ ಮೀನಿನ ತುಂಡು ಪೂರ್ತಿ ತಿಂದ, ನನ್ನ ತಟ್ಟೆಯ ಚಿಪ್ಸಿಗೂ ಕೈ ಹಾಕಿದ.

ಪೇಪರಿನ ಆ ಸುದ್ದಿಯನ್ನು ಕಂಪ್ಯೂಟರಿನಲ್ಲಿ ನೋಡಿ, “ನನ್ನ ತಮ್ಮ ಯಾವಾಗಿಂದ ನಿನಗೆ ಅಪ್ಪ ಆದ?” ಎಂದು ಕೇಳಿದ್ದೀಯ. ನಗುತ್ತಲೇ ಕೇಳಿರುತ್ತೀಯ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿದೆ. ಮೊದಲಿಂದ ಹೇಳುತ್ತೇನೆ ಕೇಳು.

ಡಾಕ್ ರಸ್ತೆಯ ಗ್ಯಾಲರಿ ನಿನಗೆ ಗೊತ್ತು. ನಾನು ಶನಿವಾರ ಮಕ್ಕಳಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸುವ ಜಾಗ. ಅದನ್ನು ಮುಚ್ಚಬೇಕೆಂದು ಕೌನ್ಸಿಲ್ ಕಾಯುತ್ತಲೇ ಇತ್ತು. ಇವತ್ತಿಗೂ ಬಾಗಿಲು ತೆರೆದಿದೆ ಎಂದರೆ ಅದಕ್ಕೆ ಡಚೆಸ್ ಪೋಷಕಿಯಾಗಿರುವುದೇ ಕಾರಣ. ರಾಜಮನೆತನದ ಹೆಸರು ಬಾಗಿಲ ಮೇಲಿದ್ದರೆ ಬೀಗ ಹಾಕಲು ಯಾರಿಗೂ ಕೈ ಬರುವುದಿಲ್ಲ. ಆಕೆಗೆ ಭಾವಚಿತ್ರಗಳೆಂದರೆ ಪ್ರಾಣವಂತೆ, ಸ್ವತಃ ಫೋಟೊ ತೆಗೆಯುತ್ತಾರಂತೆ. ಹಾಗಾಗಿ ಊರಿನವರ ಮುಖಗಳ ಪ್ರದರ್ಶನ ಮಾಡೋಣ, ನೋಡಲು ಅವರನ್ನೇ ಕರೆಯೋಣ ಎಂದು ಗ್ಯಾಲರಿಯ ನಿರ್ದೇಶಕ ಕ್ರಿಸ್ಪಿನ್ ಹೊರಟ. ಲಂಡನ್ನಿನಿಂದ ಬಂದವನು, ಕುತ್ತಿಗೆಗೆ ಬೇಸಿಗೆಯಲ್ಲೂ ಉಣ್ಣೆಯ ಮಫ್ಲರ್.

ನಾನು ಡೆಸ್‌ನ ಫೋಟೊ ಕೊಟ್ಟೆ. ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಕುಳಿತದ್ದು, ಮೈಮೇಲೆ ಮೀನಿನ ಟ್ರಾಲರಿನಲ್ಲಿ ದುಡಿಯುತ್ತಿದ್ದ ಕಾಲದ ಹಳೆ ಸ್ವೆಟರ್. ಶಾಲೆ ಮಕ್ಕಳ, ಮದುವೆ ಹೆಣ್ಣುಗಳ ಫೋಟೊ ತೆಗೆದೇ ಜೀವನ ಸವೆಸಿದವಳು ನಾನು. ಸುಕ್ಕು ಮುಚ್ಚುವುದು, ಕೆನ್ನೆಗೆ ಬಣ್ಣ ತರುವುದು ನನಗೆ ನೀರು ಕುಡಿದಷ್ಟು ಸುಲಭ. ಇವನದರಲ್ಲಿ ಏನೂ ಮುಟ್ಟಲಿಲ್ಲ. ಕೆಳಗೆ “ನನ್ನ ಗಂಡ ಡೆಸ್” ಎಂದು ಬರೆಯಿರಿ ಅಂದೆ.

“ನೋಡಿ ಬೆರಿಲ್, ಸಂಬಂಧ ಗಿಂಬಂಧ ಬರೆದ್ರೆ ಅದು ಮನೆ ಆಲ್ಬಮ್ ಆಗಿಬಿಡುತ್ತೆ. ಮುಖಾನೇ ಮಾತಾಡ್ಲಿ ಬಿಡಿ,” ಎಂದ ಕ್ರಿಸ್ಪಿನ್.

ಬರೀ “ಡೆಸ್” ಎಂದು ಚೀಟಿ ಅಂಟಿಸಿದ. ನಾನೂ ಒಪ್ಪಿಕೊಂಡೆ.

ಆಮೇಲೆ ತಾಲೀಮು. ಗೋಡೆಗೆಲ್ಲ ಹೊಸ ಬಣ್ಣ, ಶೌಚಾಲಯಕ್ಕೂ ಬಣ್ಣ. ಡಚೆಸ್ ಎದುರು ಹೇಗಿರಬೇಕೆಂದು ಕಲಿಸಲು ಒಬ್ಬ ಹೆಂಗಸು ಬಂದಿದ್ದಳು. ಕ್ರಿಸ್ಪಿನ್ ತೋಳಿಗೆ ಕೈಚೀಲ ಸಿಕ್ಕಿಸಿಕೊಂಡು ಡಚೆಸ್ ಆದ. ನಾವು ಸಾಲಾಗಿ ನಿಂತು ಅವನಿಗೆ ಮಂಡಿ ಬಗ್ಗಿಸಿದೆವು. ಡೆಸ್ ಕುರ್ಚಿಯಲ್ಲೇ ಕುಳಿತು, “ಮಹಾರಾಣಿಯವರು ಗಡ್ಡ ಬೋಳಿಸ್ಕೊಂಡು ಬಂದಿದ್ರೆ ಚೆನ್ನಾಗಿತ್ತು,” ಎಂದ. ಆ ಹೆಂಗಸು ನಗಲಿಲ್ಲ.

“ಅವರಾಗೇ ಮಾತಾಡಿಸಿದ್ರೆ ಮಾತ್ರ ಮಾತಾಡಿ. ಅವರು ಏನಾದ್ರೂ ತಪ್ಪು ತಿಳ್ಕೊಂಡ್ರೂ ತಿದ್ದೋಕೆ ಹೋಗ್ಬೇಡಿ. ಹೌದು ಮೇಡಂ, ಥ್ಯಾಂಕ್ಸ್ ಮೇಡಂ. ಅಷ್ಟೆ. ಸಾಲು ಮುಂದಕ್ಕೆ ಹೋಗ್ಬೇಕು,” ಎಂದು ಅವಳು ಮತ್ತೆ ಮತ್ತೆ ಹೇಳಿದಳು.

ಡಚೆಸ್ ಬಂದರು. ಕೆಟ್ಟವರಲ್ಲ ಹೇಜಲ್, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಬೇರೆ ಚಿತ್ರಗಳನ್ನು ಹಾಗೇ ನೋಡಿಕೊಂಡು ಬಂದವರು ಡೆಸ್‌ನ ಚಿತ್ರದ ಮುಂದೆ ನಿಂತೇಬಿಟ್ಟರು. ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಸರಿಯಾಗಿ ಗುರುತಿಸಿದರು. ನನ್ನ ಎದೆ ಉಬ್ಬಿತು. ಆಮೇಲೆ ತಿರುಗಿ, ಪಕ್ಕದಲ್ಲೇ ಕುರ್ಚಿಯಲ್ಲಿದ್ದ ಡೆಸ್‌ನ ಕಡೆ ಬಗ್ಗಿ ಅವನ ಕೈ ಹಿಡಿದುಕೊಂಡರು.

“ಈ ಮುಖ ನಿಮ್ಮದೇ ಅಲ್ವಾ? ಎಷ್ಟು ಜಾಣ ಮಗಳನ್ನ ಪಡೆದಿದ್ದೀರಿ,” ಅಂದರು. ನನ್ನ ಕಡೆ ನೋಡಿ, “ನಿಮ್ಮ ತಂದೆಯವರು ತಾನೆ?” ಅಂದರು.

ನಾನು, “ಹೌದು ಮೇಡಂ, ಥ್ಯಾಂಕ್ಸ್ ಮೇಡಂ,” ಎಂದೆ.

ಡೆಸ್ ಏನೋ ಹೇಳಲು ಬಾಯಿ ತೆರೆದ, ಕೆಮ್ಮು ಬಂತು. ಸಾಲು ಮುಂದಕ್ಕೆ ಹೋಯಿತು.

ಮನೆಗೆ ಬರುವಾಗ ವ್ಯಾನಿನಲ್ಲಿ ಅವನೇ ಮೊದಲು ಮಾತಾಡಿದ. “ಮಗಳೇ, ಅಪ್ಪಂಗೆ ಒಂದು ಪೊಟ್ಟಣ ಚಿಪ್ಸ್ ಕೊಡಿಸ್ತೀಯಾ?” ಇಬ್ಬರೂ ನಕ್ಕೆವು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಿನ್ನ ಜೊತೆ ಒಂದೇ ತರಗತಿಯಲ್ಲಿ ಕೂತವಳು ನಾನು. ಅವನು ನನಗಿಂತ ಚಿಕ್ಕವನೆಂದು ನಿಮ್ಮಮ್ಮ ಮದುವೆಗೆ ಮುಖ ಸಿಂಡರಿಸಿದ್ದು ನೆನಪಿದೆಯಲ್ಲ? ಅವರಿದ್ದಿದ್ದರೆ ಏನನ್ನುತ್ತಿದ್ದರೋ.

ಮರುದಿನ ಪೇಪರಿನಲ್ಲಿ ನೀನು ನೋಡಿದ್ದು ಬಂತು, ಡೆಸ್ ನನ್ನ ಅಪ್ಪನೆಂದು. ಅದೂ ಹೋಗಲಿ ಅಂದರೆ, ಗ್ಯಾಲರಿಗೆ ಹೋದಾಗ ಹಳೆ ಚೀಟಿ ಕಿತ್ತು ಹೊಸದು ಅಂಟಿಸಿದ್ದರು. “ಕಲಾವಿದೆಯ ತಂದೆ.” ಗಂಡ ಅಂದರೆ ಮನೆ ಆಲ್ಬಮ್, ಅಪ್ಪ ಅಂದರೆ ಕಲೆ. ನೇರವಾಗಿ ಕ್ರಿಸ್ಪಿನ್‌ನ ಕೋಣೆಗೆ ನುಗ್ಗಿದೆ.

“ಬೆರಿಲ್, ಡಚೆಸ್ ಎಲ್ಲರೆದುರಿಗೆ ಆ ಮಾತು ಹೇಳಿದಾರೆ. ಈಗ ಗಂಡ ಅಂತ ಹಾಕಿದ್ರೆ ಅವರಿಗೆ ಎಷ್ಟು ಮುಜುಗರ ಯೋಚ್ನೆ ಮಾಡಿ. ಇನ್ನೂ ಐದು ವರ್ಷ ಪೋಷಕಿಯಾಗಿರ್ತೀನಿ ಅಂತ ಒಪ್ಪಿದಾರೆ, ಅದೂ ಈ ಚಿತ್ರ ನೋಡಿದ್ಮೇಲೆ.”

“ನನ್ನ ಗಂಡನ ಮುಜುಗರ ಯಾರು ಯೋಚ್ನೆ ಮಾಡ್ತಾರೆ?”

“ನೀವೇ ಹೌದು ಅಂದ್ರಲ್ಲ.”

ಚಿತ್ರವನ್ನೇ ಇಳಿಸಿ ಕೊಡು ಎಂದೆ. ಅದೀಗ ಪ್ರದರ್ಶನದ ಪೋಸ್ಟರ್ ಅಂತೆ, ಇಳಿಸಲಾಗದಂತೆ. ಬಸ್ ನಿಲ್ದಾಣದಲ್ಲೂ ಅಂಟಿಸಿದ್ದಾರೆ, ಮೇಲೆ ದಪ್ಪಕ್ಷರದಲ್ಲಿ “ಮುಪ್ಪಿನ ಘನತೆ.” ಅರವತ್ತಮೂರಕ್ಕೆ ಮುಪ್ಪಂತೆ. ತಾಲೀಮಿನ ಹೆಂಗಸಿಗೆ ಫೋನು ಮಾಡಿದೆ. ಅಂಥ ವಿಷಯ ಮೇಲಕ್ಕೆ ಕಳಿಸುವ ಪದ್ಧತಿಯಿಲ್ಲ ಎಂದಳು. ಸಿಟ್ಟಿಗೆ ಚೀಟಿಯ ಮೇಲೆ ಪೆನ್ಸಿಲಿನಲ್ಲಿ “ಗಂಡ” ಎಂದು ಗೀಚಿ ಬಂದೆ. ಕಾವಲಿನ ಟ್ರೆವರ್ ಗೋಡೆ ನೋಡುತ್ತ ನಿಂತು, “ನಾನೇನೂ ನೋಡ್ಲಿಲ್ಲಪ್ಪ,” ಅಂದ. ಮಾರನೆಯ ದಿನ ಅಳಿಸಿತ್ತು. ಡಚೆಸ್‌ಗೇ ಕಾಗದ ಬರೆದರೆ ಆಕೆ ಖಂಡಿತ ತಿದ್ದಿಸುತ್ತಾರೆ ಅನಿಸುತ್ತದೆ. ಬರೆಯಲು ಕೂತರೆ ಶನಿವಾರದ ಮಕ್ಕಳ ಮುಖ ಕಣ್ಣೆದುರು ಬರುತ್ತದೆ. ಆಕೆ ನೊಂದುಕೊಂಡು ಹಿಂದೆ ಸರಿದರೆ ಗ್ಯಾಲರಿ ಉಳಿಯುವುದಿಲ್ಲ. ಹೀಗೆ ಎಲ್ಲ ಕಡೆಯಿಂದಲೂ ಕಟ್ಟಿಹಾಕಿದ್ದಾರೆ, ಅದೂ ಥ್ಯಾಂಕ್ಸ್ ಹೇಳಿಕೊಂಡು.

ನೀನಾದರೂ ಅಲ್ಲಿ ಎಲ್ಲರಿಗೂ ಹೇಳು, ಅವನು ನನ್ನ ಗಂಡ ಎಂದು. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ಎಲ್ಲರನ್ನೂ ಚೆನ್ನಾಗಿಟ್ಟಿರಲಿ. ಬೆಚ್ಚಗಿರು, ನಿನಗೀಗ ಬೇಸಿಗೆ ಬರುತ್ತಿದ್ದರೂ ಅಭ್ಯಾಸಕ್ಕೆ ಹೇಳುತ್ತಿದ್ದೇನೆ.

ನಿನ್ನ
ಬೆರಿಲ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇಷ್ಟು ಬರೆದೂ ಮುಖ್ಯವಾದದ್ದನ್ನು ಬಿಟ್ಟಿದ್ದೆ. ಮಂಗಳವಾರ ಹೊಸ ನರ್ಸ್ ಬಂದಿದ್ದಳು, ಚಿಕ್ಕ ಹುಡುಗಿ. ನನ್ನನ್ನು ತೋರಿಸಿ, “ಇವರು ನಿಮಗೇನಾಗ್ಬೇಕು?” ಎಂದು ಡೆಸ್‌ನನ್ನು ಕೇಳಿದಳು. ಅವನು “ಮಗಳು” ಅಂದ. ತಮಾಷೆಯೆಂದು ನಾನು ಅವನ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ. ಅವಳು ಹೋದ ಮೇಲೆ ಯಾಕೆ ಹಾಗಂದೆ ಎಂದು ಕೇಳಿದೆ. “ಆವತ್ತು ನೀನು ಹೌದು ಅಂದಾಗ ನಿನ್ನ ಮುಖಾನೇ ನೋಡ್ತಿದ್ದೆ ಕಣೇ. ನನ್ನ ಹೆಂಡ್ತಿ ಅಂತ ಹೇಳ್ಕೊಳ್ಳೋದು ತಪ್ಪಿದ್ದಕ್ಕೆ ನಿಂಗೆ ಹಗುರ ಆದಂಗೆ ಕಾಣ್ತು. ಹೌದು ತಾನೆ?” ಅಂದ. ಅಲ್ಲ ಎನ್ನಲು ಬಾಯಿ ತೆರೆದೆ, ಮಾತು ಬರಲಿಲ್ಲ. ಈ ಸಲ ಎದುರಿಗೆ ಯಾವ ಡಚೆಸ್ಸೂ ಇರಲಿಲ್ಲ ಹೇಜಲ್.