ಕೋಟೆಯ ಹಿಂಬದಿಗೆ ಬನ್ನಿ

ಕೋಟೆ ಸೆರೆಮನೆ, ಗಲೀಸಿಯ
ಸ್ಪೇನ್, ಅಕ್ಟೋಬರ್ 1975

ಅಪ್ಪಾ,

ಅಮ್ಮ ತಂದ ಅಂಜೂರವನ್ನು ಇಲ್ಲಿ ಎಲ್ಲರೂ ಹಂಚಿಕೊಂಡು ತಿಂದೆವು. “ನಿಮ್ಮಪ್ಪ ಕಾರಲ್ಲೇ ಕೂತಿದಾರೆ ಕಣೋ, ಮಂಡಿ ನೋವಂತೆ” ಅಂದಳು. ಅವಳು ಹೊರಟ ಮೇಲೆ ಮೊಗಸಾಲೆಯ ಕಿಂಡಿಯಿಂದ ನೋಡಿದೆ. ನೀವು ಬೆತ್ತ ಊರಿಕೊಂಡು ಗಾಳಿಯಲ್ಲಿ ನಿಂತು, ಒಂದೊಂದೇ ಕಿಟಕಿಯಲ್ಲಿ ನನ್ನನ್ನು ಹುಡುಕುತ್ತಿದ್ದಿರಿ. ಕೂಗಿದೆ, ನಿಮಗೆ ಕೇಳಿಸಲಿಲ್ಲ.

ಸರ್ವಾಧಿಕಾರಿಯ ವಿರುದ್ಧ ಸೈನ್ಯದೊಳಗೇ ಗುಟ್ಟಾಗಿ ಸಂಘ ಕಟ್ಟಿದ ಕ್ಯಾಪ್ಟನ್ ನಾನು. ಅದೇ ಸರ್ವಾಧಿಕಾರಿಗಾಗಿ ಯುದ್ಧ ಮಾಡಿದ ಕರ್ನಲ್ ನೀವು. ಕ್ಷಮಿಸಿ ಎನ್ನಲಾರೆ, ಮಾಡಿದ್ದು ತಪ್ಪೆಂದು ನನಗೆ ಅನ್ನಿಸುತ್ತಿಲ್ಲ.

ಮುಂದಿನ ಭಾನುವಾರ ನೀವು ಒಳಗೆ ಬರದಿದ್ದರೂ ಸರಿ, ಕೋಟೆಯ ಹಿಂಬದಿಗೆ ಬನ್ನಿ. ನನ್ನ ಕೋಣೆ ಸಮುದ್ರದ ಕಡೆಗಿದೆ. ದಾರಿ ಸಮತಟ್ಟಾಗಿದೆ, ಮಂಡಿಗೆ ಕಷ್ಟವಾಗದು. ನಾನು ಬಿಳಿ ಅಂಗಿ ಬೀಸುತ್ತೇನೆ. ನೀವು ಒಮ್ಮೆ ಕೈ ಎತ್ತಿದರೆ ಸಾಕು.

ನಿಮ್ಮ ಮಗ,
ಅನ್ಸೆಲ್ಮೊ