ನಲವತ್ತೊಂದು ಕೆಂಪು ತೋಟಗಳು

3 ನವೆಂಬರ್ 2025. ಸಕಲೇಶಪುರ, ಬೆಳಿಗ್ಗೆ 8

ಇನ್ನೊಂದು ಥೀಸಿಸ್ ತಿದ್ದಿ ಮುಗಿಸಿದೆ. ಇನ್ನೂರು ಪುಟ. ತಪ್ಪಿಲ್ಲದ್ದು ಪುಟಸಂಖ್ಯೆ ಮಾತ್ರ. ಗೈಡ್ ಪ್ರತಾಪ್ ಅಂದ ಮೇಲೆ ಇನ್ನೇನು? ಅಂತರರಾಷ್ಟ್ರೀಯ ವ್ಯಾಪಾರ ನೀತಿ ಪಾಠ ಮಾಡುವ ಮಹಾಶಯ, ಒಂದು ಬಂದರನ್ನೂ ಕಂಡಿಲ್ಲ. ಹದಿನಾಲ್ಕಕ್ಕೆ ಪ್ರೊಫೆಸರ್ ಹುದ್ದೆಯ ಇಂಟರ್‌ವ್ಯೂ — ಅವನೂ ಅರ್ಜಿ ಹಾಕಿದ್ದಾನಂತೆ. ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರುತ್ತಾನಂತೆ.

ನನ್ನ ಹತ್ತಿರ ಹೆತ್ತೂರಿನ ತೋಟಗಳ ಮೇಲಿನ ಸಂಶೋಧನಾ ಪೇಪರ್ ಇದೆ. ಕಾಡು ಕಡಿದ ಜಮೀನಿನ ಕಾಫಿ ಬೇಡ ಅಂತ ಯುರೋಪಿನ ಹೊಸ ನಿಯಮ. ಉಪಗ್ರಹದ ಚಿತ್ರ ನೋಡಿ ಅಂಥ ನಲವತ್ತೊಂದು ತೋಟ ಗುರುತಿಸಿದವಳು ನಾನು. ಎಲ್ಲಕ್ಕೂ ಕೆಂಪು ಬಣ್ಣ. ರಫ್ತು ಕಂಪನಿಯೊಂದು ನನ್ನ ಪಟ್ಟಿಯನ್ನೇ ಹಿಡಿದುಕೊಂಡಿದೆ.

5 ನವೆಂಬರ್

ತಮ್ಮ ಅಕ್ರಂ ಆ ಕಂಪನಿಗೆ ಸಣ್ಣ ಬೆಳೆಗಾರರ ಕಾಫಿ ಸೇರಿಸಿಕೊಡುತ್ತಾನೆ. ಅವನ ಅಂಗಡಿಯಲ್ಲಿ ಕೂತಿದ್ದೆ. ಹೆತ್ತೂರಿನ ವಿಶಾಲಮ್ಮ ಬಂದರು. ಎರಡೆಕರೆ, ಕೆಂಪು.

“ಈ ಸಲ ನನ್ ಕಾಫಿ ತಗಳಲ್ಲ ಅಂತಾರಲ್ಲ ಸಾಬ್ರೆ. ನಾನ್ಯಾವ ಕಾಡು ಕಡ್ದೆ?”

ಸಿಕ್ಕಿಬಿದ್ದ ಮೇಲೆ ಎಲ್ಲರೂ ಸಾಚಾ. ಲ್ಯಾಪ್‌ಟಾಪ್ ತೆರೆದು ತೋರಿಸಿದೆ — ಜನವರಿಯಲ್ಲಿ ದಟ್ಟ ಹಸಿರು, ಮೇ ಕೊನೆಗೆ ಬಯಲು.

“ಬಂದು ನೋಡವ್ವ,” ಅಂದರು. ಎಂಥ ಧೈರ್ಯ!

7 ನವೆಂಬರ್, ಸಂಜೆ 5

ಹೆತ್ತೂರಿಗೆ ಹೋಗಿದ್ದೆ. ಬಾಯಿ ಮುಚ್ಚಿಸಿ ಬರೋಣ ಅಂತ.

ಮರಗಳಿವೆ. ಎಲ್ಲವೂ. ಅತ್ತಿ, ಹಲಸು, ಹಾಲುವಾಣ...

“ಮಳೆ ಹಿಡಿಯಕ್ ಮುಂಚೆ ಮರಗಸಿ ಮಾಡ್ಸದೆ ಬುಟ್ರೆ ಗಿಡ ಕೊಳ್ತೋಯ್ತದೆ ಕಣವ್ವ. ಬೆಳಕು ಬೀಳ್ಲಿ ಅಂತ ನೆರಳು ಮರದ ಕೊಂಬೆ ಸವರ್ತೀವಿ. ತಿರ್ಗಾ ಚಿಗುರ್ತದೆ. ಕಾಫಿ ಸಾಬ್ರ ಮಗಳಾಗಿ ಇಷ್ಟೂ ಗೊತ್ತಿಲ್ವಾ?”

ಗೊತ್ತಿಲ್ಲ. ಅಪ್ಪ ಕಾಫಿ ವ್ಯಾಪಾರಿ; ನಮ್ಮ ಮನೆಗೆ ಕಾಫಿ ಬಂದದ್ದು ಮೂಟೆಯಲ್ಲಿ. ಬೀಜ ಕಚ್ಚಿ ಒಣಗಿದೆಯೋ ಇಲ್ಲವೋ ಹೇಳಬಲ್ಲೆ. ವ್ಯಾಪಾರ ಸಮ್ಮೇಳನ ಅಂತ ಜಿನೀವಾಕ್ಕೆ ನಾಲ್ಕು ಸಲ ಹೋಗಿದ್ದೇನೆ. ಕಾಫಿ ತೋಟದೊಳಗೆ ಕಾಲಿಟ್ಟದ್ದು ಇದೇ ಮೊದಲು.

ಮೇ ಚಿತ್ರದಲ್ಲಿ ನಾನು ಬಯಲು ಅಂದದ್ದು ಸವರಿದ ಕೊಂಬೆ. ನಲವತ್ತೊಂದೂ ಹೀಗೇ? ಎಲ್ಲಕ್ಕೂ ಅದೇ ಜನವರಿ, ಅದೇ ಮೇ; ಹೀಗೇ ಇರಬೇಕು.

“ನೀನೇ ಬರ್ಕೊಟ್ರೆ ಸರಿಹೋಗ್ತದಂತೆ. ಬರೀತೀಯಲ್ಲವ್ವ?”

ಹೂಂ ಅಂದೆ.

12 ನವೆಂಬರ್. ಯೂನಿವರ್ಸಿಟಿ ಕ್ವಾರ್ಟರ್ಸ್

ಬರೆದಿಲ್ಲ. ಪಟ್ಟಿ ತಪ್ಪು ಅಂದರೆ ಪೇಪರ್ ಹೋಯಿತು. ಪೇಪರ್ ಹೋದರೆ ಹುದ್ದೆ ಪ್ರತಾಪನಿಗೆ. ಪ್ರತಾಪನಿಗೆ! ಇಂಟರ್‌ವ್ಯೂ ಮುಗಿಯಲಿ. ಎರಡು ದಿನದಲ್ಲಿ ಏನು ಮುಳುಗಿಹೋಗುತ್ತದೆ?

14 ನವೆಂಬರ್, ಮಧ್ಯಾಹ್ನ

ಐವರು ತಜ್ಞರು. ಮೂವರಿಗೆ ನಿದ್ದೆ, ಒಬ್ಬರಿಗೆ ಗೋಡಂಬಿ. ಐದನೆಯವರು ಕೇಳಿದರು — “ಡಾಕ್ಟರ್ ಅಫ್ಶಾನ್, ನಿಮ್ಮ ಡೇಟಾ ಬಗ್ಗೆ ನಿಮಗೇ ಏನಾದರೂ ಅನುಮಾನ?”

“ಇಲ್ಲ ಸರ್.”

ತೊದಲಲೂ ಇಲ್ಲ. ಥೂ.

25 ನವೆಂಬರ್

ಆದೇಶ ಬಂತು. ಪ್ರೊಫೆಸರ್. ಪ್ರತಾಪ್ ಬಂದು ಕೈಕುಲುಕಿದ. ನಿಜವಾಗಿಯೂ ಸಂತೋಷಪಟ್ಟ, ದಡ್ಡ.

ಅಕ್ರಂ ಫೋನ್ ಮಾಡಿದ. “ಮುಬಾರಕ್ ಆಪಾ. ವಿಶಾಲಮ್ಮ ದಿನಾ ಬಂದು ಕೇಳ್ತಾವ್ರೆ. ಕೊಯ್ಲು ಶುರುವಾಗೈತೆ. ಕಂಪನಿಯೋರು ಶುಕ್ರವಾರಕ್ಕೆ ಪಟ್ಟಿ ಮುಗಿಸ್ತಾರಂತೆ, ಆಮೇಲೆ ಯಾರನ್ನೂ ಸೇರ್ಸಲ್ಲ. ಆಪಾ ಆಗ್ಲೇ ಬರ್ದಾಯ್ತು ಅಂತ ವಿಶಾಲಮ್ಮಂಗೆ ಅಂದ್ಬುಟ್ಟೆ. ನೀನು ಬರೀದೆ ಇರ್ತೀಯಾ?”

ನಾಚಿಕೆಯಾಯಿತು. ಫೋನ್ ಇಟ್ಟು ಸ್ವೀಟ್ ಹಂಚಲು ಹೋದೆ.

28 ನವೆಂಬರ್, ಶುಕ್ರವಾರ, ಸಂಜೆ 4:40

ಕಂಪನಿಯ ಆಫೀಸು ಐದಕ್ಕೆ ಮುಚ್ಚುತ್ತದೆ. ಮೇಲ್ ತೆರೆದು ಗಂಟೆಯಾಯಿತು. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಮಾನ್ಯರೇ, ಹೆತ್ತೂರಿನ ನಲವತ್ತೊಂದು ತೋಟಗಳಲ್ಲಿ ಯಾರೂ ಕಾಡು ಕಡಿದಿಲ್ಲ. ಕಡಿದರೆಂದು ಬರೆದದ್ದು —