ದೆವ್ವ ಉಂಡ ಎಲೆ

ಕೋಯಂಬೇಡು, ಚೆನ್ನೈ
೧೮ ಫೆಬ್ರವರಿ ೨೦೨೫

ಪುರಸೈವಾಕ್ಕಂನ ಮಹಾರಾಣಿ ಶಂಕ್ರಮ್ಮನವರಿಗೆ, ಕೋಯಂಬೇಡಿನ ಸುಳ್ಳಿ ಬೃಂದಾ ಮಾಡುವ ನಮಸ್ಕಾರ.

ಇದೇ ಊರಿನಲ್ಲಿದ್ದುಕೊಂಡು ಇವಳು ಅಂಚೆಗೆ ಕಾಗದ ಹಾಕುವುದೇಕೆ ಎಂದು ನೀವು ನಗಬಹುದು. ಹೇಳಿಬಿಡೋಣವೆಂದು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಸೆಕೆ ಶುರುವಾಯಿತು, ನುಗ್ಗೆಕಾಯಿ ತುಟ್ಟಿಯಾಯಿತು ಎಂದು ಹರಟಿ ಇಟ್ಟುಬಿಟ್ಟೆ. ಮನೆಗೇ ಬಂದರೆ ನೀವು ಕಾಫಿ ಕೊಡುತ್ತೀರಿ. ನಿಮ್ಮ ಕಾಫಿ ಕುಡಿದ ಮೇಲೆ ನನ್ನ ಬಾಯಿಂದ ನಿಜ ಹೊರಡುವುದಿಲ್ಲ. ಓದಿ ಹರಿದು ಹಾಕಿದರೂ ಸರಿ, ಪೂರ್ತಿ ಓದಿ ಹರಿಯಿರಿ.

ವಿಶ್ವಾರಾಧ್ಯರು ಕಾಲೇಜಿನಲ್ಲಿ ಮೂವತ್ತು ವರ್ಷ ಹಳೆಯ ಇಂಗ್ಲಿಷ್ ದುರಂತ ನಾಟಕಗಳನ್ನು ಪಾಠ ಮಾಡಿ, ನಿವೃತ್ತರಾದ ಮೇಲೆ ಅದೇ ಧಾಟಿಯಲ್ಲಿ ನಮ್ಮ ಕನ್ನಡ ಸಂಘಕ್ಕೆ ಒಂದು ನಾಟಕ ಬರೆದರಲ್ಲ, ತಪ್ಪೆಲ್ಲ ಅಲ್ಲಿಂದಲೇ ಶುರು. ಪಟ್ಟದ ಆಸೆಗೆ ತಮ್ಮನೊಬ್ಬ ಅಣ್ಣನನ್ನು ಕೊಲ್ಲುತ್ತಾನೆ, ಹೆಂಡತಿ ಅವನನ್ನು ಹುರಿದುಂಬಿಸುತ್ತಾಳೆ, ಸತ್ತ ಅಣ್ಣ ದೆವ್ವವಾಗಿ ಪಟ್ಟಾಭಿಷೇಕದ ಊಟಕ್ಕೆ ಬರುತ್ತಾನೆ. ಇದರಲ್ಲಿ ಹೆಂಡತಿಯ ಪಾತ್ರ ಎಂದರೆ ಇಡೀ ನಾಟಕವೇ. ಇಪ್ಪತ್ತೆರಡು ವರ್ಷದಿಂದ ಸಂಘದ ರಾಣಿಯರೆಲ್ಲ ನೀವೇ. ನಾನು ಮೈಸೂರಿನಿಂದ ಬಂದು ನಾಲ್ಕು ವರ್ಷ, ನಾಲ್ಕು ವರ್ಷವೂ ಸಖಿ. ಚಾಮರ ಬೀಸಿ ಬೀಸಿ ನನ್ನ ಬಲಗೈ ಎಡಗೈಗಿಂತ ದಪ್ಪವಾಗಿದೆ ಎಂದು ನಮ್ಮ ಯಜಮಾನರು ರವಿಕಿರಣ್ ರೇಗಿಸುತ್ತಾರೆ. ಒಂದು ಸಲವಾದರೂ ರಾಣಿಯಾಗಬೇಕು ಎಂದು ಎಷ್ಟು ಆಸೆಯಿತ್ತೆಂದರೆ, ಅಡುಗೆಮನೆಯಲ್ಲಿ ಸೌಟು ಹಿಡಿದು ನಿಮ್ಮ ಹಾಗೆ ಕತ್ತು ತಿರುಗಿಸಿ ಕತ್ತು ಉಳುಕಿಸಿಕೊಂಡಿದ್ದೆ.

ಈಗ ನಿಜಕ್ಕೆ ಬರುತ್ತೇನೆ. ಪಾತ್ರ ಹಂಚುವ ಓದು ಭಾನುವಾರ ಇದ್ದದ್ದು ಶನಿವಾರಕ್ಕೆ ಬದಲಾಯಿತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ನೀವಿಲ್ಲ, ನಿಮಗೆ ಫೋನ್ ಮಾಡಿ ತಿಳಿಸುವ ಕೆಲಸ ಯಾವಾಗಲೂ ನನ್ನದು. ನಾನು ತಿಳಿಸಲಿಲ್ಲ. ಮರೆತದ್ದಲ್ಲ. ಫೋನ್ ಕೈಯಲ್ಲಿ ಹಿಡಿದು, ನಿಮ್ಮ ಹೆಸರು ತೆಗೆದು, ಮತ್ತೆ ಮುಚ್ಚಿ, ಬೀನ್ಸ್ ಹೆಚ್ಚಲು ಕೂತೆ. ಶನಿವಾರ ನೀವು ಬರಲಿಲ್ಲ, ರಾಣಿ ನನಗೆ ಬಂದಳು.

ಇಷ್ಟೇ ಆಗಿದ್ದರೆ ಅರ್ಧ ಪಾಪ. ಭಾನುವಾರ ನೀವು ಎಲ್ಲರಿಗೂ ಸಾಕಾಗುವಷ್ಟು ಮಂಡಕ್ಕಿ ಒಗ್ಗರಣೆ ಮಾಡಿಕೊಂಡು ಬಂದು, ಬೀಗ ನೋಡಿ ನನಗೆ ಫೋನ್ ಮಾಡಿದಿರಿ. ಶನಿವಾರ ಅಂತ ಹೇಳಿದ್ದೆನಲ್ಲ, ಮರೆತುಬಿಟ್ಟಿರಾ ಎಂದೆ. ನೀವು ಮೆಲ್ಲಗೆ, “ನಂಗ ಅರಳು ಮರಳು ಸುರುವಾತೇನವ್ವಾ?” ಎಂದಿರಿ. ಮರುವಾರ ಇನ್ನು ಬಣ್ಣ ಹಚ್ಚುವುದಿಲ್ಲ ಎಂದು ಹೇಳಿ ಕಳಿಸಿದಿರಿ. ನೀವು ಬ್ರಾಹ್ಮಿ ಮಾತ್ರೆ ನುಂಗುತ್ತಿದ್ದೀರಿ, ನರದ ಡಾಕ್ಟರನ್ನು ಕಾಣುತ್ತೀರಿ ಎಂದು ಕೇಳಿದಾಗ ನನಗೆ ಅನ್ನ ಸೇರಲಿಲ್ಲ. ಆದರೂ ತಾಲೀಮು ತಪ್ಪಿಸಲಿಲ್ಲ. ನಾನು ಅಂಥವಳು.

ಇನ್ನು ದೆವ್ವದ ವಿಷಯ. ಇದನ್ನು ರವಿಕಿರಣ್‌ಗೂ ಹೇಳಿಲ್ಲ.

ಊಟದ ದೃಶ್ಯವನ್ನು ವಿಶ್ವಾರಾಧ್ಯರು ನಮ್ಮ ಪಂಕ್ತಿ ಊಟ ಮಾಡಿದ್ದರು. ಎಲೆಗಳನ್ನು ಇಲ್ಲಿನ ಮಾರ್ಕೆಟ್ಟಿನಿಂದ ನಾನೇ ತಂದೆ, ಹೋಳಿಗೆ ನಿಜವಾದದ್ದು. ಪರದೆಯ ಪಕ್ಕದ ಕೊನೆಯ ಎಲೆ ದೆವ್ವದ್ದು: ಬಡಿಸಿರಬೇಕು, ಮುಂದೆ ಯಾರೂ ಕೂರಬಾರದು. ಅಲ್ಲಿ ಅಣ್ಣ ಕೂತಿದ್ದಾನೆ ಎಂದು ರಾಜ ಬೆಚ್ಚಬೇಕು, ನಾನು ಹೋಳಿಗೆ ಬಡಿಸುತ್ತಾ, ಏನಿಲ್ಲ ಬಿಡಿ ಎಂದು ಅತಿಥಿಗಳನ್ನು ಸುಮ್ಮನಾಗಿಸಬೇಕು.

ನಾಟಕದ ದಿನ ಮೊದಲಿಂದಲೇ ಏನೋ ಸರಿಯಿರಲಿಲ್ಲ. ಮೂರನೇ ದೃಶ್ಯದಲ್ಲಿ ಮಾತು ಮರೆತು ನಿಂತಾಗ ಎಲ್ಲಿಂದಲೋ ಪಿಸುದನಿಯಲ್ಲಿ ಸಾಲು ತೇಲಿ ಬಂತು. ನನ್ನ ತಲೆಯೊಳಗಿನದೇ ಎಂದುಕೊಂಡೆ. ಊಟದ ದೃಶ್ಯದಲ್ಲಿ ಬಡಿಸುತ್ತಾ ಬಡಿಸುತ್ತಾ ಕೊನೆಯ ಎಲೆಗೆ ಬಂದೆ. ಅರೆಗತ್ತಲಲ್ಲಿ ನೀವು ಕೂತಿದ್ದಿರಿ ಶಂಕ್ರಮ್ಮನವರೇ. ಹಣೆಯಲ್ಲಿ ವಿಭೂತಿ, ನೆರಿಗೆ ಸರಿಪಡಿಸಿಕೊಂಡು, ನೆಮ್ಮದಿಯಾಗಿ ಉಣ್ಣುತ್ತಿದ್ದಿರಿ. ಇನ್ನೊಂದು ಹೋಳಿಗೆ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದಿರಿ.

ನೀವು ತಿರುವೊಟ್ಟಿಯೂರಿನಲ್ಲಿ ಮಗಳು ಸಂಗೀತಾಳ ಮನೆಯಲ್ಲಿದ್ದೀರಿ ಎಂದು ನನಗೆ ಗೊತ್ತಿತ್ತು. ತಟ್ಟೆ ಎಸೆದು ಚೀರಿದೆ. ರಾಜನ ವೇಷದ ರವಿಕಿರಣ್ ಬೆಚ್ಚುವ ಮೊದಲೇ ನಾನು ಬೆಚ್ಚಿಬಿಟ್ಟೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ದೀಪ ಆರಿ ಮತ್ತೆ ಬಂದಾಗ ಅಲ್ಲಿ ಯಾರೂ ಇಲ್ಲ. ಹೋಳಿಗೆ ಖಾಲಿ, ಎಲೆಯನ್ನು ಆಚೆಯ ಅಂಚಿನಿಂದ ಕೂತವರ ಕಡೆಗೆ ಯಾರೋ ಅಚ್ಚುಕಟ್ಟಾಗಿ ಮಡಚಿದ್ದರು. ನಮ್ಮ ಮನೆಯಲ್ಲಿ ಎಲೆ ಮಡಚುವ ಅಭ್ಯಾಸವಿಲ್ಲ, ದೆವ್ವಗಳ ಪದ್ಧತಿ ಇರಬೇಕು ಎಂದುಕೊಂಡೆ. ಅಲ್ಲಿ ಯಾರೂ ಇರಲಿಲ್ಲ ಎಂದು ರವಿಕಿರಣ್ ಆಣೆ ಮಾಡಿದರು. ಅತಿಥಿಯ ವೇಷದಲ್ಲಿ ಆ ಎಲೆಯ ಪಕ್ಕದಲ್ಲೇ ಉಂಡ ಜಯರಾಮ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಇಲ್ಲವೆಂದು ತಲೆಯಾಡಿಸಿದ. ಬೇರೆಯವರನ್ನು ಕೇಳಿದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು.

ಅತ್ಯುತ್ತಮ ನಟಿ ಎಂಬ ಫಲಕ ನನಗೇ ಬಂತು. ಟೀವಿಯ ಪಕ್ಕ ಇಟ್ಟು, ಮೇಲೆ ಟವಲ್ ಹೊದಿಸಿದ್ದೇನೆ.

ನಿಮಗೆ ಮರೆವಿಲ್ಲ. ದಯವಿಟ್ಟು ಡಾಕ್ಟರ ಹತ್ತಿರ ಹೋಗಬೇಡಿ, ಬಣ್ಣ ಬಿಡಬೇಡಿ. ನನ್ನನ್ನು ಬಿಟ್ಟರೆ ತಕರಾರಿಲ್ಲ. ತಕರಾರಿದೆ, ಆದರೆ ಹೇಳುವ ಮುಖವಿಲ್ಲ.

ನಿಮ್ಮ ಹಳೆಯ ಸಖಿ,
ಬೃಂದಾ

ವಿ.ಸೂ.: ಕೊರಿಯರ್‌ನಲ್ಲಿ ಹಾಕಿದ್ದರೆ ನಾಳೆಯೇ ಸೇರುತ್ತಿತ್ತು. ಎರಡು ದಿನ ತಡವಾಗಿಯೇ ಸೇರಲಿ ಎಂದು ಸಾದಾ ಅಂಚೆಗೆ ಹಾಕಿದ್ದೇನೆ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

* * *

ಪುರಸೈವಾಕ್ಕಂ
೨೨ ಫೆಬ್ರವರಿ ೨೦೨೫

ಚಿರಂಜೀವಿ ಬೃಂದಾಗೆ, ಇನ್ನೂ ದೆವ್ವವಾಗದ ಶಂಕ್ರಮ್ಮನ ಆಶೀರ್ವಾದ.

ಕಾಗದ ಹರಿಯಲಿಲ್ಲ. ಮೊಮ್ಮಗಳು ವೀಕ್ಷಾಗೆ ಎರಡು ಸಲ ಓದಿ ಹೇಳಿದೆ. ಅವಳಿಗೆ ಕನ್ನಡ ಕೇಳಲು ಬರುತ್ತದೆ, ನಗುವುದು ಮಾತ್ರ ತಮಿಳಿನಲ್ಲಿ.

ಮೊದಲು ಕಹಿ ಹೇಳಿ ಮುಗಿಸುತ್ತೇನೆ. ಆ ಹದಿನೈದು ದಿನ ನನಗೆ ನಿಜವಾಗಿ ಭಯವಾಗಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಾಲ್ಕು ಸಲ ಎದ್ದು ನೋಡುತ್ತಿದ್ದೆ. ನಮ್ಮವ್ವ ಕಡೆಗಾಲಕ್ಕೆ ನನ್ನ ಗುರುತು ಹಿಡಿಯದೆ ಹೋದವಳು, ಆ ಹೆದರಿಕೆ ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಿರಲಿ.

ಭಯ ಬಿಡಿಸಿದವಳು ವೀಕ್ಷಾ. ನನ್ನ ಫೋನ್ ಕಿತ್ತುಕೊಂಡು ಆ ವಾರದ ಕರೆಗಳನ್ನೆಲ್ಲ ನೋಡಿ, “ಪಾಟಿ, ಉನಕ್ಕು ಯಾರುಮೇ ಕಾಲ್ ಪಣ್ಣಲ” ಎಂದಳು. ಯಾರೂ ಫೋನೇ ಮಾಡಿಲ್ಲ ಎಂದರೆ ಮರೆಯುವುದೇನನ್ನು? ಸಿಟ್ಟು ಬಂತು. ನಿನ್ನ ಜುಟ್ಟು ಹಿಡಿಯಲು ಹೊರಟಿದ್ದೆ. ಅಷ್ಟರಲ್ಲಿ ವಿಶ್ವಾರಾಧ್ಯರು ಫೋನ್ ಮಾಡಿ, ಬೃಂದಾ ಮಾತು ಮರೆಯುತ್ತಾಳೆ, ಅವಳಿಗೆ ತಿಳಿಯದ ಹಾಗೆ ಪರದೆಯ ಹಿಂದೆ ಪುಸ್ತಕ ಹಿಡಿದು ಕೂರುತ್ತೀರಾ ಎಂದರು. ನಗು ತಡೆಯಲಾಗಲಿಲ್ಲ, ಒಪ್ಪಿಕೊಂಡೆ. ಸಂಗೀತಾಳ ಮನೆಯಲ್ಲಿದ್ದೇನೆ ಎಂಬ ಸುದ್ದಿ ಅವರೇ ಹಬ್ಬಿಸಿದ್ದು. ಮೂರನೇ ದೃಶ್ಯದಲ್ಲಿ ಪಿಸುಗುಟ್ಟಿದ್ದು ನಾನೇ. ಪುಸ್ತಕ ತೆರೆಯಲಿಲ್ಲ, ನಿನ್ನ ಪಾತ್ರ ನನಗೆ ಬಾಯಿಪಾಠ.

ಎಲೆಯ ಮುಂದೆ ಕೂರಬೇಕೆಂದು ಬಂದವಳಲ್ಲ. ಬಡಿಸಿದ ಎಲೆಯ ಮುಂದೆ ಆಳಿಲ್ಲದಿದ್ದರೆ ಅದು ಸತ್ತವರಿಗಿಟ್ಟ ಎಡೆಯಾಗುತ್ತದೆ ಬೃಂದಾ. ನಮ್ಮ ಸಂಘದ ರಂಗದ ಮೇಲೆ ಅದನ್ನು ನೋಡಿಕೊಂಡಿರಲು ನನ್ನಿಂದಾಗಲಿಲ್ಲ. ಕತ್ತಲಲ್ಲಿ ಸರಿದು ಕೂತೆ. ಕನ್ನಡಕ ತೆಗೆದಿಟ್ಟ ನಿನ್ನ ಗಂಡನಿಗೆ ನಾನು ಕಾಣಲಿಲ್ಲ. ಜಯರಾಮನಿಗೆ ನನ್ನ ಪಾಲಿನ ಒಂದು ಹೋಳಿಗೆ ಕೊಟ್ಟು ಬಾಯಿ ಮುಚ್ಚಿಸಿದೆ. ನೀನು ಅಷ್ಟು ಚೆನ್ನಾಗಿ ಚೀರುತ್ತೀಯ ಎಂದು ಗೊತ್ತಿರಲಿಲ್ಲ. ಆ ಚೀರಾಟಕ್ಕೆ ಫಲಕ ಸರಿಯಾಗಿಯೇ ಸಂದಿದೆ, ಟವಲ್ ತೆಗೆ.

ಮುಂದಿನ ವರ್ಷ ರಾಣಿ ನಾನು. ಪರದೆಯ ಹಿಂದೆ ಪುಸ್ತಕ ಹಿಡಿಯುವವಳು ನೀನು. ಭಾನುವಾರ ಬಾ, ಮಂಡಕ್ಕಿ ಒಗ್ಗರಣೆ ಮಾಡುತ್ತೇನೆ. ಶನಿವಾರ ಬರಬೇಡ.

ಶಂಕ್ರಮ್ಮ

ವಿ.ಸೂ.: ಎಲೆ ಮಡಚುವುದು ದೆವ್ವಗಳ ಪದ್ಧತಿಯಲ್ಲ, ಈ ಊರಿನವರದು. ನಲವತ್ತು ವರ್ಷದಲ್ಲಿ ನನಗೂ ಅಂಟಿಕೊಂಡಿದೆ. ಸಾವಿನ ಮನೆಯಲ್ಲಿ ಉಂಡರೆ ಆಚೆಗೆ ಮಡಚುತ್ತಾರೆ, ಇಂಥ ಊಟ ಮತ್ತೆ ಬಾರದಿರಲಿ ಎಂದು. ಈ ಸಂಬಂಧ ಬೇಕು, ಮತ್ತೆ ಉಣ್ಣಲು ಬರುತ್ತೇನೆ ಎನ್ನುವವರು ತಮ್ಮ ಕಡೆಗೆ ಮಡಚುತ್ತಾರೆ. ನಾನು ಯಾವ ಕಡೆಗೆ ಮಡಚಿದ್ದೆ ಎಂದು ನೀನೇ ಬರೆದಿದ್ದೀಯ. ಆವತ್ತು ನಿನ್ನ ಕಾಗದ ಇನ್ನೂ ಬಂದಿರಲಿಲ್ಲ.